ಕರ, ಕೂಲಿ ಮತ್ತು ಶ್ರಾವಕಧರ್ಮ

ಶಲವಡಿಯೂ ಸೇರಿದ ನವಲಗುಂದದ ಎರೆ ಸೀಮೆಯು 1980ರ ಜುಲೈ 21ನ್ನು ಮರೆತಿಲ್ಲ. ಮಲಪ್ರಭಾ ಕಾಲುವೆಯಿಂದ ಜಮೀನಿನ ಬೆಲೆ ಏರಿತೆಂದು ಸರಕಾರವು ಅಭಿವೃದ್ಧಿ ಕರವನ್ನು ಕೇಳಿತು. ನೀರೇ ಸರಿಯಾಗಿ ಬಾರದಿರುವಾಗ, ಗಳಿಸದ ಲಾಭಕ್ಕೆ ಕರವೆಲ್ಲಿಯದೆಂದು ರೈತರು ಎದ್ದರು. ನವಲಗುಂದ, ನರಗುಂದಗಳಲ್ಲಿ ಗೋಲಿಬಾರಾಗಿ ರೈತರು ಮಡಿದರು. ನರಗುಂದದಲ್ಲಿ ಪೊಲೀಸರೂ ಪ್ರಾಣ ತೆತ್ತರು. ಎರಡೂ ಕಡೆಯ ಹಿಂಸೆಯು ಶೋಚನೀಯವೇ.

ರೈತರ ವಾದದಲ್ಲಿ ನ್ಯಾಯವಿತ್ತು. ಗಳಿಸದ್ದಕ್ಕೆ ಕರ ಕೂಡದೆಂಬುದು ನ್ಯಾಯವಾದರೆ, ದುಡಿದದ್ದಕ್ಕೆ ತಕ್ಕ ಕೂಲಿ ಸಲ್ಲಬೇಕೆಂಬುದೂ ನ್ಯಾಯವೇ. ಹೊಲದ ಕೂಲಿಕಾರನಿಗೆ ಆ ನ್ಯಾಯವನ್ನು ಸಲ್ಲಿಸಬೇಕಾದವನು ಹೊಲದ ಒಡೆಯನು. ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಆಗಮಪರಂಪರೆಯು ಅಹಿಂಸಾಣುವ್ರತದ ಅತಿಚಾರಗಳೆಂದು ಎಣಿಸಿದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಬೇಕಾದವನೂ ಶ್ರಾವಕನೇ, ಅರಸನಲ್ಲ. ಕೂಲಿಯನ್ನು ಕಡಿದು ಬಸದಿಗೆ ಕೊಟ್ಟ ಹಣವು ದಾನವೆನಿಸೀತೇ?