ಮಂಗಳೂರಿನ ಚರಿತ್ರೆ: ಯಾರ ಪೆಟ್ಟಿಗೆಯಲ್ಲಿ ಯಾರ ಕಾಗದ?

ಮಂಗಳೂರು ಹಲವು ಭಾಷೆ, ಹಲವು ಧರ್ಮಗಳ ಊರು ಎಂದು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಉರ್ದು, ಮಲಯಾಳಂ ಒಂದೇ ಪೇಟೆಯಲ್ಲಿ ಕಿವಿಗೆ ಬೀಳುತ್ತವೆ. ಆದರೆ ಈ ಊರಿನ ಚರಿತ್ರೆ ಬರೆಯುವಾಗ ಪ್ರತಿಯೊಂದು ಸಮುದಾಯವೂ ಹೆಚ್ಚಾಗಿ ತನ್ನ ಪಾಲಿನದನ್ನಷ್ಟೇ ಬರೆದುಕೊಂಡಿದೆ. ದಾಖಲೆಗಳ ಬೆನ್ನು ಹತ್ತಿದವರಿಗೆ ಬೇರೆಯೇ ಸಂಗತಿ ಕಾಣುತ್ತದೆ. ಒಬ್ಬರ ಕಥೆ ಎಷ್ಟೋ ಬಾರಿ ಇನ್ನೊಬ್ಬರ ಕಾಗದಪತ್ರಗಳಲ್ಲಿ ಉಳಿದುಕೊಂಡಿದೆ.

ಹನ್ನೆರಡನೆಯ ಶತಮಾನದ ಮಂಗಳೂರಿನ ವ್ಯಾಪಾರದ ಬಗ್ಗೆ ವಿವರವಾದ ಪತ್ರಗಳು ಸಿಕ್ಕಿದ್ದು ಈಜಿಪ್ಟಿನಲ್ಲಿ. ಕೈರೋದ ಹಳೆಯ ಯೆಹೂದಿ ಪ್ರಾರ್ಥನಾಲಯವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಕಾಗದಗಳು ರಾಶಿ ಬಿದ್ದಿದ್ದವು. ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದೆಂಬ ನಂಬಿಕೆಯೇ ಅದಕ್ಕೆ ಕಾರಣ. 1896-97ರಲ್ಲಿ ಆ ರಾಶಿಯ ದೊಡ್ಡ ಪಾಲು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿತು. ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಪತ್ರಗಳು ಅದರಲ್ಲಿದ್ದವು. 1132ರಲ್ಲಿ ಆತ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಬರೆದುಕೊಟ್ಟ ಪತ್ರವೂ ಸಿಕ್ಕಿದೆ. ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಕರಿಮೆಣಸು, ಅಡಿಕೆ, ಕಬ್ಬಿಣ ಇಲ್ಲಿಂದ ಏಡನ್‌ಗೆ ಹೋಗುತ್ತಿದ್ದವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅಮಿತಾವ್ ಘೋಷ್ 1992ರ ತಮ್ಮ ಕೃತಿಯಲ್ಲಿ ಈ ವರ್ತಕನ ಸೇವಕನೊಬ್ಬನ ಜಾಡು ಹಿಡಿದು ಇಲ್ಲಿಗೆ ಬಂದರು. 'ಬೊಮ್ಮ' ಎಂಬ ಆ ಹೆಸರಿನ ಗುರುತು ಹಚ್ಚಲು ಅವರಿಗೆ ನೆರವಾದವರು ತುಳು ಜಾನಪದ ವಿದ್ವಾಂಸ ಬಿ. ಎ. ವಿವೇಕ ರೈ.

ಮಂಗಳೂರಿನ ಮುಸ್ಲಿಮರ ಬಗ್ಗೆ ಬರೆದ ಪ್ರವಾಸಿ ಮೊರಾಕ್ಕೋದ ಇಬ್ನ್ ಬತೂತ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಆತ, ಊರಿನ ಪಕ್ಕದ ವಸತಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆಂದೂ ಫಾರ್ಸ್ ಮತ್ತು ಯಮನಿನ ವರ್ತಕರು ಇಲ್ಲಿಗೆ ಬರುತ್ತಾರೆಂದೂ ಬರೆದಿದ್ದಾನೆ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತು. ವರ್ತಕರು ಬೇಕಾಗಿದ್ದ ಕಾರಣ ಅರಸನೇ ರಾಜಿ ಮಾಡಿಸುತ್ತಿದ್ದ ಎಂಬುದನ್ನೂ ಆತ ಮುಚ್ಚಿಟ್ಟಿಲ್ಲ. ಸೌಹಾರ್ದವೆಂದರೆ ಜಗಳವೇ ಇಲ್ಲದ ಸ್ಥಿತಿಯಲ್ಲ, ಜಗಳದ ಬಳಿಕವೂ ಕೂಡಿ ಬಾಳುವ ಅಗತ್ಯವನ್ನು ಒಪ್ಪಿಕೊಳ್ಳುವುದು ಎಂದು ಈ ಸಾಲುಗಳು ಹೇಳುವಂತಿದೆ.

1799ರಲ್ಲಿ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿದ ಮೇಲೆ ಕಾಗದಗಳ ಪ್ರವಾಹವೇ ಆರಂಭವಾಯಿತು. ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದರಿಂದ ಆ ಕಾಲದ ಸರಕಾರಿ ಕಡತಗಳನ್ನು ಹುಡುಕುವವರು ಚೆನ್ನೈಗೆ ಹೋಗಬೇಕು. ಬಾಸೆಲ್ ಮಿಶನಿನ ವರದಿ, ಪತ್ರ, ಛಾಯಾಚಿತ್ರಗಳಿಗಾಗಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಬೇಕು. ಆದರೆ ಕಡತಗಳಿಗೂ ಒಂದು ಕಣ್ಣಿದೆ. ಭೂಮಿ ಉಳ್ಳವನು, ತೆರಿಗೆ ಕಟ್ಟಿದವನು, ತಕರಾರು ಎತ್ತಿದವನು ಅದಕ್ಕೆ ಕಾಣುತ್ತಾನೆ. ದಕ್ಕೆಯಲ್ಲಿ ಮೂಟೆ ಹೊತ್ತವನಾಗಲಿ ಮನೆಯಲ್ಲಿ ಬೀಡಿ ಕಟ್ಟಿದ ಹೆಂಗಸಾಗಲಿ ಸುಲಭಕ್ಕೆ ಕಾಣಸಿಗರು. ಬ್ರಿಟಿಷ್ ಅಧಿಕಾರಿಗಳ ಬರಹಗಳಲ್ಲಿ ಬ್ಯಾರಿಗಳು ಅನೇಕ ಕಡೆ 'ಮಾಪಿಳ್ಳ' ಎಂಬ ಹೆಸರಿನೊಳಗೇ ಕರಗಿಹೋಗಿದ್ದಾರೆ.

ಈ ಕೊರತೆಯನ್ನು ಪತ್ರಿಕೆಗಳು ಸ್ವಲ್ಪಮಟ್ಟಿಗೆ ತುಂಬುತ್ತವೆ. 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಪಾದ್ರಿಯೊಬ್ಬರ ಪತ್ರಿಕೆಯಾದರೂ ಊರ ವರ್ತಮಾನ, ಸರಕಾರದ ಆಜ್ಞೆ, ದೇಶಾಂತರದ ಸುದ್ದಿಗಳ ಜೊತೆ ದಾಸರ ಪದಗಳಿಗೂ ಜಾಗ ಕೊಟ್ಟಿತು. 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಬಂದವು; ಭಾಷೆ ಕೊಂಕಣಿ, ಲಿಪಿ ಕನ್ನಡ. ಹಳೆಯ ಪತ್ರಿಕೆಯನ್ನು ಓದುವವರು ಮುಖ್ಯ ಸುದ್ದಿಯಲ್ಲೇ ನಿಲ್ಲಬಾರದು. ಅಂಗಡಿ ಜಾಹೀರಾತು, ಏಲಂ ಪ್ರಕಟಣೆ, ಮರಣವಾರ್ತೆ, ಓದುಗರ ಪತ್ರ ಇವುಗಳಲ್ಲಿ ಊರು ಮೈಮರೆತು ಮಾತಾಡುತ್ತದೆ. ಸುದ್ದಿಯ ಸ್ವಭಾವವನ್ನೂ ಮರೆಯಬಾರದು. ಇಬ್ಬರು ಇಪ್ಪತ್ತು ವರ್ಷ ಪಾಲುದಾರರಾಗಿ ವ್ಯಾಪಾರ ಮಾಡಿದರೆ ಅದು ಸುದ್ದಿಯಲ್ಲ, ಒಂದು ದಿನ ಹೊಡೆದಾಡಿದರೆ ಸುದ್ದಿ.

ಇನ್ನೊಬ್ಬರ ಕಾಗದಗಳನ್ನು ಓದುವುದೆಂದರೆ ನಮಗೆ ಹಿತವಾಗದ ಪುಟಗಳನ್ನೂ ತೆರೆಯುವುದು. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕೆಥೊಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಅವರ ನೆನಪಿನಲ್ಲಿ ಇಂದಿಗೂ ಹಸಿಯಾಗಿದೆ. ಸೆರೆಯಾದವರ ಸಂಖ್ಯೆಯನ್ನು 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆಯಾಗಿ ಹೇಳಲಾಗಿದೆ. ಸಂಖ್ಯೆಯ ಬಗ್ಗೆ ಚರ್ಚೆ ನಡೆಯಲಿ. ಆದರೆ ಆ ನೋವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಅದೇ ರೀತಿ ಆ ನೋವನ್ನು ಇಂದಿನ ನೆರೆಯವನ ಲೆಕ್ಕಕ್ಕೆ ಬರೆಯುವುದೂ ನ್ಯಾಯವಲ್ಲ. ತಮಗೆ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂಬುದು ಕುರ್‌ಆನ್ ವಿಶ್ವಾಸಿಗಳಿಗೆ ನೀಡಿದ ಆದೇಶ. ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಪಾಠ ಬೇರಿಲ್ಲ.

ಹಾಗಾದರೆ ನಮ್ಮ ಪೆಟ್ಟಿಗೆಯಲ್ಲಿ ಏನಿದೆ? ಜಮಾಅತಿನ ನಿಕಾಹ್ ದಫ್ತರಗಳು, ವಕ್ಫ್ ಪತ್ರಗಳು, ಬಂದರಿನ ಸಗಟು ಅಂಗಡಿಗಳ ಲೆಕ್ಕದ ಪುಸ್ತಕಗಳು, ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ ಹಾಡುಗಳು. ಅವುಗಳಲ್ಲಿ ನಮ್ಮ ಕಥೆ ಮಾತ್ರ ಇರುವುದಿಲ್ಲ. ಸಾಲ ಕೊಟ್ಟ ಕೊಂಕಣಿಗರ, ಅಡಿಕೆ ತಂದ ಬಂಟರ, ದೋಣಿ ನಡೆಸಿದ ಮೊಗವೀರರ ಹೆಸರುಗಳೂ ಇರುತ್ತವೆ. ಹಳೆಯ ಮನೆ ಕೆಡವುವಾಗ ಇಂಥವು ಗುಜರಿಗೆ ಹೋದರೆ ನಷ್ಟ ಇಡೀ ಊರಿನದು.

ದೇವನ ಹೆಸರಿರುವ ಹಾಳೆಯನ್ನು ತುಳಿಯಬಾರದೆಂಬ ಅದಬು ನಮ್ಮಲ್ಲೂ ಇದೆ. ಜೀರ್ಣವಾದದ್ದನ್ನು ಹೂಳುತ್ತೇವೆ, ಇಲ್ಲವೇ ನೀರಿಗೆ ಬಿಡುತ್ತೇವೆ. ಕೈರೋದವರು ಕೂಡಿಟ್ಟರು, ಅದರಿಂದಲೇ ಎಂಟುನೂರು ವರ್ಷಗಳ ಬಳಿಕ ಮಂಗಳೂರಿನ ದಾಸಿಯೊಬ್ಬಳ ಹೆಸರು ಲೋಕಕ್ಕೆ ತಿಳಿಯಿತು. ಪ್ರತಿ ಮಸೀದಿಯ ಆಡಳಿತ ಸಮಿತಿಯೂ ತನ್ನ ಹಳೆಯ ದಫ್ತರಗಳ ಪಟ್ಟಿ ಮಾಡಿ, ಪ್ರತಿ ತೆಗೆಸಿ, ಗೆದ್ದಲು ಮುಟ್ಟದ ಕಪಾಟಿನಲ್ಲಿಡಲಿ. ಓದುವವರು ನಾಳೆ ಬರುತ್ತಾರೆ. ಅವರು ನಮ್ಮ ಸಮುದಾಯದವರೇ ಆಗಿರಬೇಕೆಂದೇನೂ ಇಲ್ಲ.