ಪೆಟ್ರಾ

ಜೋರ್ಡಾನಿನ ದಕ್ಷಿಣ ಭಾಗದಲ್ಲಿ, ವಾದಿ ಮೂಸಾ ಪಟ್ಟಣಕ್ಕೆ ಹೊಂದಿಕೊಂಡಿರುವ ಪ್ರಾಚೀನ ನಗರ. ಹೆಸರಾಂತ ಪ್ರವಾಸಿ ತಾಣ. ಗುಲಾಬಿ ಛಾಯೆಯ ಮರಳುಗಲ್ಲಿನ ಬೆಟ್ಟಗಳನ್ನು ಕೊರೆದು ರೂಪಿಸಿದ ಸಮಾಧಿ, ದೇಗುಲಗಳು ಇಲ್ಲಿನ ವೈಶಿಷ್ಟ್ಯ.

ಇತಿಹಾಸ: ಪೆಟ್ರಾ ಅರಬ್ ಮೂಲದ ನಬಟೀಯರ ರಾಜಧಾನಿಯಾಗಿತ್ತು. ಧೂಪದ್ರವ್ಯ, ಸಾಂಬಾರ ಪದಾರ್ಥಗಳನ್ನು ಸಾಗಿಸುವ ಒಂಟೆಗಳ ಸಾರ್ಥಗಳು ಈ ಮಾರ್ಗವಾಗಿ ಹೋಗುತ್ತಿದ್ದುದರಿಂದ ನಗರ ಸಿರಿವಂತವಾಯಿತು. ಮಳೆ ಕಡಿಮೆಯಿರುವ ಈ ನೆಲದಲ್ಲಿ ನಬಟೀಯರು ಅಣೆಕಟ್ಟು, ಕಾಲುವೆ, ಮಣ್ಣಿನ ಕೊಳವೆ ಹಾಗೂ ಬಂಡೆಯಲ್ಲಿ ಕೊರೆದ ತೊಟ್ಟಿಗಳಿಂದ ನೀರನ್ನು ಹಿಡಿದಿಟ್ಟರು. ಹಠಾತ್ ಪ್ರವಾಹವನ್ನೂ ತಿರುಗಿಸಿದರು. ಕ್ರಿ.ಶ. 106ರಲ್ಲಿ ರಾಜ್ಯ ರೋಮನ್ನರ ವಶವಾಯಿತು. ವ್ಯಾಪಾರ ಬೇರೆ ಮಾರ್ಗಗಳಿಗೆ ಸರಿದದ್ದು ಮತ್ತು 363ರ ಭೂಕಂಪ ನಗರದ ಅವನತಿಗೆ ಕಾರಣವಾದವು. ಸ್ಥಳೀಯ ಬೆಡೂಯಿನ್ ಬುಡಕಟ್ಟಿನವರಿಗೆ ಪರಿಚಿತವೇ ಆಗಿದ್ದ ಈ ತಾಣವನ್ನು 1812ರಲ್ಲಿ ಸ್ವಿಸ್ ಪ್ರವಾಸಿ ಯೋಹಾನ್ ಲುಡ್ವಿಗ್ ಬುರ್ಕ್‌ಹಾರ್ಟ್ ಯುರೋಪಿಗೆ ಪರಿಚಯಿಸಿದ.

ನೋಡತಕ್ಕವು: ಸುಮಾರು 1.2 ಕಿ.ಮೀ. ಉದ್ದದ ಸಿಕ್ ಎಂಬ ಇಕ್ಕಟ್ಟಾದ ಕಮರಿಯೇ ಮುಖ್ಯ ಪ್ರವೇಶಮಾರ್ಗ. ಅದರ ಕೊನೆಯಲ್ಲಿ ಸುಮಾರು 40 ಮೀ. ಎತ್ತರದ ಅಲ್ ಖಜ್ನೆ ಎದುರಾಗುತ್ತದೆ. ಹೆಸರಿನ ಅರ್ಥ ಖಜಾನೆ ಎಂದಿದ್ದರೂ ವಿದ್ವಾಂಸರು ಇದನ್ನು ರಾಜಸಮಾಧಿಯೆಂದು ಭಾವಿಸುತ್ತಾರೆ. ಬಂಡೆಯಲ್ಲಿ ಕಡೆದ ರಂಗಮಂದಿರ, ರಾಜಸಮಾಧಿಗಳ ಸಾಲು, ಸುಮಾರು 800 ಮೆಟ್ಟಿಲುಗಳ ಮೇಲಿರುವ ಅದ್ ದೇರ್ ಎಂಬ ಸ್ಮಾರಕ ಇತರ ಆಕರ್ಷಣೆಗಳು.

ಪ್ರವಾಸ: ಮಾರ್ಚ್–ಮೇ ಮತ್ತು ಸೆಪ್ಟೆಂಬರ್–ನವೆಂಬರ್ ಸೂಕ್ತ ಕಾಲ. ಭಾರಿ ಮಳೆಯಾದಾಗ ಕಮರಿಯಲ್ಲಿ ಪ್ರವಾಹದ ಅಪಾಯವಿರುತ್ತದೆ. 1985ರಲ್ಲಿ ಯುನೆಸ್ಕೊ ಪೆಟ್ರಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.