ಉಳುವವನೇ ಹೊಲದೊಡೆಯ: ಕಾರ್ಕಳದ ಗೇಣಿ ಭೂಮಿಯ ಬಗ್ಗೆ ಸಂಶೋಧನೆಗಳು ಹೇಳುವುದೇನು?

ಕಾರ್ಕಳ: ಇಡೀ ರಾಜ್ಯಕ್ಕೆ ಕಾಯ್ದೆ ಒಂದೇ. ಆದರೆ ಅದರ ಫಲ ಜಿಲ್ಲೆಯಿಂದ ಜಿಲ್ಲೆಗೆ ಬೇರೆ ಬೇರೆಯಾಗಿತ್ತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯು ಅವಿಭಜಿತ ದಕ್ಷಿಣ ಕನ್ನಡದ ಹಳ್ಳಿಗಳನ್ನು ಬದಲಿಸಿದಷ್ಟು ಬಯಲುಸೀಮೆಯ ಅನೇಕ ಜಿಲ್ಲೆಗಳನ್ನು ಬದಲಿಸಲಿಲ್ಲ. ಇದಕ್ಕೆ ಕಾರಣವೇನು? ಭೂಮಿ ಪಡೆದವರು ಯಾರು, ಪಡೆಯದೆ ಉಳಿದವರು ಯಾರು? ನಾಲ್ಕು ದಶಕಗಳಿಂದ ಅರ್ಥಶಾಸ್ತ್ರಜ್ಞರೂ ರಾಜಕೀಯ ಶಾಸ್ತ್ರಜ್ಞರೂ ಈ ಪ್ರಶ್ನೆಗಳ ಬೆನ್ನು ಹತ್ತಿದ್ದಾರೆ. ಕಾರ್ಕಳ ತಾಲ್ಲೂಕಿನ ಹಿನ್ನೆಲೆಯಲ್ಲಿ ಆ ಅಧ್ಯಯನಗಳ ಸಾರವನ್ನು ಇಲ್ಲಿ ನೀಡಲಾಗಿದೆ.

ಮನ್ರೋ ಕಂಡ ಕನ್ನಡ ಜಿಲ್ಲೆ

ಟಿಪ್ಪು ಸುಲ್ತಾನನ ಪತನದ ನಂತರ 1799ರಲ್ಲಿ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಅದರ ಮೊದಲ ಕಲೆಕ್ಟರ್ ಆಗಿ ಬಂದವರು ಥಾಮಸ್ ಮನ್ರೋ. ಇಲ್ಲಿ ಭೂಮಿಯ ಮೇಲಿನ ಖಾಸಗಿ ಒಡೆತನ ಬಹಳ ಹಳೆಯದು, ಭೂಮಿಯನ್ನು ಮಾರುವ, ಅಡವಿಡುವ, ಗೇಣಿಗೆ ಕೊಡುವ ರೂಢಿ ಭದ್ರವಾಗಿ ಬೇರೂರಿದೆ ಎಂದು ಅವರು 1800ರ ತಮ್ಮ ವರದಿಗಳಲ್ಲಿ ದಾಖಲಿಸಿದರು. ಮುಂದೆ ಮದ್ರಾಸ್ ಪ್ರಾಂತ್ಯದ ಕಂದಾಯ ನೀತಿಯ ಚರ್ಚೆಯಲ್ಲಿ ಈ ಅನುಭವಕ್ಕೆ ದೊಡ್ಡ ಪಾತ್ರ ದೊರೆಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕಾರ್ಕಳದ ಮೂಲಕ ಹಾದುಹೋದಾಗಲೂ ಬೆಳೆ, ಕೂಲಿ ಮತ್ತು ಗೇಣಿಯ ವಿವರಗಳನ್ನು ಸಂಗ್ರಹಿಸುವುದು ಅವರ ಪ್ರವಾಸದ ಉದ್ದೇಶಗಳಲ್ಲೊಂದಾಗಿತ್ತು.

ಸರ್ಕಾರಕ್ಕೆ ಕಂದಾಯ ಕಟ್ಟುವ ಹೊಣೆ ಹೊತ್ತವನು ವರ್ಗದಾರ. ಆದರೆ ಅನೇಕ ಕಡೆ ಗದ್ದೆಗೆ ಇಳಿದು ಬೇಸಾಯ ಮಾಡುತ್ತಿದ್ದವನು ಒಕ್ಕಲು. ಈ ಇಬ್ಬರ ನಡುವಿನ ಸಂಬಂಧವನ್ನು ನಿರ್ಧರಿಸುತ್ತಿದ್ದುದು ಗೇಣಿಯ ಬಗೆ.

ಮೂಲಗೇಣಿ: ನಿಗದಿಯಾದ ಗೇಣಿಗೆ ಶಾಶ್ವತವಾಗಿ ಕೊಟ್ಟ ಭೂಮಿ. ವಂಶಪಾರಂಪರ್ಯವಾಗಿ ಮುಂದುವರಿಯುತ್ತಿತ್ತು.

ವಾಯಿದೆಗೇಣಿ: ಇಂತಿಷ್ಟು ವರ್ಷಗಳ ಅವಧಿಗೆ ಕೊಟ್ಟದ್ದು.

ಚಾಲಗೇಣಿ: ಧಣಿಯ ಇಚ್ಛೆಯ ಮೇಲೆ ವರ್ಷದಿಂದ ವರ್ಷಕ್ಕೆ ನಡೆಯುತ್ತಿದ್ದುದು. ಗೇಣಿ ಏರಿಸುವ, ಒಕ್ಕಲನ್ನು ಎಬ್ಬಿಸುವ ಅಧಿಕಾರ ಧಣಿಯದು.

ಗೇಣಿಯನ್ನು ಹೆಚ್ಚಾಗಿ ಅಕ್ಕಿಯ ಮುಡಿಗಳ ಲೆಕ್ಕದಲ್ಲಿ ಸಲ್ಲಿಸಲಾಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಒಕ್ಕಲಿನ ಮನೆಯ ಊಟಕ್ಕಿಂತ ಮೊದಲು ಧಣಿಯ ಮುಡಿ ತುಂಬಬೇಕಾಗುತ್ತಿತ್ತು. ಬೀಡು, ಗುತ್ತು, ಮಠ, ದೇವಸ್ಥಾನಗಳ ಹೆಸರಿನಲ್ಲಿದ್ದ ಭೂಮಿಯಲ್ಲಿ ಚಾಲಗೇಣಿ ಒಕ್ಕಲುಗಳು ದುಡಿಯುತ್ತಿದ್ದ ಈ ವ್ಯವಸ್ಥೆಯೇ ಕರಾವಳಿಯನ್ನು ರಾಜ್ಯದ ಉಳಿದ ಭಾಗದಿಂದ ಪ್ರತ್ಯೇಕಿಸಿತು. ಸ್ವಂತ ಸಾಗುವಳಿಯೇ ಪ್ರಧಾನವಾಗಿದ್ದ ಹಳೆ ಮೈಸೂರು ಭಾಗದಲ್ಲಿ ಗೇಣಿ ರದ್ದತಿಯ ಕಾನೂನಿಗೆ ಹೆಚ್ಚು ಕೆಲಸವಿರಲಿಲ್ಲ. ಇಲ್ಲಿ ಅದು ಮನೆಮನೆಯ ವಿಷಯವಾಯಿತು.

ಕಾಯ್ದೆ ಬಂದ ಬಗೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡವು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಿತು. 1961ರ ಭೂ ಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಯಾಯಿತಾದರೂ, ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಹಿಂದಕ್ಕೆ ಪಡೆಯಲು ಅದು ಒಡೆಯರಿಗೆ ಅವಕಾಶ ನೀಡಿತ್ತು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ ಈ ದಾರಿಯನ್ನು ಮುಚ್ಚಿತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಅದನ್ನು ಉಳುತ್ತಿದ್ದ ಗೇಣಿದಾರ ಅಧಿಭೋಗದಾರಿಕೆ ಹಕ್ಕಿಗೆ ಅರ್ಜಿ ಸಲ್ಲಿಸಬೇಕಿತ್ತು. ಆ ಅರ್ಜಿಯೇ ‘ನಮೂನೆ 7’. ಕರಾವಳಿಯ ಹಳ್ಳಿಗಳಲ್ಲಿ ಇಂದಿಗೂ ಹಿರಿಯರು ಅದನ್ನು ‘ಡಿಕ್ಲರೇಷನ್’ ಎಂದೇ ಕರೆಯುತ್ತಾರೆ. ಅರ್ಜಿ ಸಲ್ಲಿಸುವ ಅವಧಿ 1979ರ ಜೂನ್ 30ರವರೆಗೆ ವಿಸ್ತರಣೆಯಾಯಿತು. ಇಡೀ ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು.

ಅರ್ಜಿಗಳ ವಿಚಾರಣೆಯನ್ನು ಸಿವಿಲ್ ನ್ಯಾಯಾಲಯಗಳಿಗೆ ಬಿಡದೆ ಭೂ ನ್ಯಾಯಮಂಡಳಿಗಳಿಗೆ ವಹಿಸಲಾಯಿತು. ಕಂದಾಯ ಅಧಿಕಾರಿ ಅಧ್ಯಕ್ಷರು; ಉಳಿದವರು ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಲೇಬೇಕಿತ್ತು. ವಕೀಲರಿಗೆ ಆರಂಭದಲ್ಲಿ ಪ್ರವೇಶವಿರಲಿಲ್ಲ. ಹೀಗಾಗಿ ಧಣಿ ಮತ್ತು ಒಕ್ಕಲು ಒಂದೇ ಮೇಜಿನ ಮುಂದೆ ನಿಂತು ತಮ್ಮ ಮಾತನ್ನು ತಾವೇ ಹೇಳಬೇಕಾಯಿತು. ಗೇಣಿ ಚೀಟು, ರಶೀದಿ, ಪಹಣಿಯ ನಮೂದು ಮತ್ತು ನೆರೆಕರೆಯವರ ಸಾಕ್ಷ್ಯ ಇವೇ ಆಧಾರಗಳು.

ರಾಜಕೀಯ ಬೆಂಬಲವೂ ಈ ಭಾಗದಲ್ಲಿ ಗಟ್ಟಿಯಾಗಿತ್ತು. ಅರಸು ಸಂಪುಟದಲ್ಲಿ ಭೂ ಸುಧಾರಣೆಯ ಹೊಣೆ ಹೊತ್ತಿದ್ದ ಬಿ. ಸುಬ್ಬಯ್ಯ ಶೆಟ್ಟಿ ಸುರತ್ಕಲ್‌ನ ಶಾಸಕರು. ಮುಂದೆ ಮುಖ್ಯಮಂತ್ರಿಯಾದ ಎಂ. ವೀರಪ್ಪ ಮೊಯಿಲಿ 1972ರಲ್ಲಿ ಕಾರ್ಕಳದಿಂದ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾಗಿದ್ದರು.

ಅಧ್ಯಯನಗಳ ನೋಟ

ಈ ಸುಧಾರಣೆಯನ್ನು ಕುರಿತ ಮುಖ್ಯ ಕೃತಿಗಳು 1980ರ ದಶಕದಲ್ಲಿ ಬಂದವು. ನರೇಂದ್ರ ಪಾಣಿ ಅವರ 1983ರ ಅಧ್ಯಯನದ ಶೀರ್ಷಿಕೆಯೇ ಅದರ ವಾದವನ್ನು ಸೂಚಿಸುತ್ತದೆ: ದೊಡ್ಡ ಬದಲಾವಣೆಯನ್ನು ಮುಂಚಿತವಾಗಿಯೇ ತಡೆಯಲು ತಂದ ಸುಧಾರಣೆ ಎಂಬುದು ಅದರ ಭಾವ. ಸುಧಾರಣೆಯ ಜಾರಿಯನ್ನು ಆಡಳಿತದ ಒಳಗಿನಿಂದ ಕಂಡಿದ್ದ ಐಎಎಸ್ ಅಧಿಕಾರಿ ಎಂ.ಎ.ಎಸ್. ರಾಜನ್ 1986ರಲ್ಲಿ ತಮ್ಮ ಅವಲೋಕನಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಅತುಲ್ ಕೊಹ್ಲಿ 1987ರ ತಮ್ಮ ಕೃತಿಯಲ್ಲಿ ಪಶ್ಚಿಮ ಬಂಗಾಳ, ಕರ್ನಾಟಕ, ಉತ್ತರ ಪ್ರದೇಶಗಳನ್ನು ಹೋಲಿಸಿ, ಬಡವರ ಪರ ಕಾರ್ಯಕ್ರಮಗಳ ಸಾಧನೆಯಲ್ಲಿ ಕರ್ನಾಟಕವನ್ನು ಉಳಿದೆರಡರ ನಡುವೆ ಇರಿಸಿದರು. ಶಿಸ್ತುಬದ್ಧ ಪಕ್ಷ ಸಂಘಟನೆಯ ಬೆಂಬಲವಿಲ್ಲದೆ ನಾಯಕನೊಬ್ಬನ ಸಂಕಲ್ಪದ ಮೇಲೆ ನಿಂತ ಸುಧಾರಣೆಗೆ ಮಿತಿಗಳಿರುತ್ತವೆ ಎಂಬುದು ಅವರ ನಿಲುವು.

ಇನ್ನೂ ಮಹತ್ವದ ಅಧ್ಯಯನ 2016ರಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರದ ಅಂತರರಾಷ್ಟ್ರೀಯ ನಿಯತಕಾಲಿಕವೊಂದರಲ್ಲಿ ಪ್ರಕಟವಾಯಿತು. ಟಿಮೊಥಿ ಬೆಸ್ಲಿ, ಜೆಸಿಕಾ ಲೈಟ್, ರೋಹಿಣಿ ಪಾಂಡೆ ಮತ್ತು ವಿಜಯೇಂದ್ರ ರಾವ್ ಇದರ ಲೇಖಕರು. ಅವರು ಅನುಸರಿಸಿದ ವಿಧಾನ ಸರಳ: ಭಾಷೆ, ಸಮಾಜ ಒಂದೇ ಬಗೆಯದಾಗಿದ್ದು, ರಾಜ್ಯಗಳ ಪುನರ್ವಿಂಗಡಣೆಯ ನಂತರ ಬೇರೆ ಬೇರೆ ರಾಜ್ಯಗಳಿಗೆ ಸೇರಿದ ದಕ್ಷಿಣ ಭಾರತದ ಗಡಿಭಾಗದ ಪ್ರದೇಶಗಳನ್ನು ಹೋಲಿಸುವುದು. ಗಡಿಯ ಎರಡೂ ಕಡೆ ಜನಜೀವನ ಒಂದೇ. ಕಾನೂನು ಮಾತ್ರ ಬೇರೆ. ಆದ್ದರಿಂದ ಇಂದಿನ ವ್ಯತ್ಯಾಸದಲ್ಲಿ ಕಾನೂನಿನ ಪಾಲೆಷ್ಟು ಎಂದು ಅಳೆಯಬಹುದು.

ಸುಧಾರಣೆಯಾಗಿ ಸುಮಾರು 30 ವರ್ಷಗಳ ನಂತರ ಕಂಡುಬಂದ ಫಲಿತಾಂಶ ಹೀಗಿದೆ. ಗೇಣಿ ಸುಧಾರಣೆ ಹೆಚ್ಚು ತೀವ್ರವಾಗಿದ್ದ ಕಡೆ ಭೂಮಿಯ ಅಸಮಾನತೆ ಕಡಿಮೆಯಾಗಿತ್ತು. ಮಧ್ಯಮ ಜಾತಿಗಳ ಕುಟುಂಬಗಳಲ್ಲಿ ಸ್ವಂತ ಸಾಗುವಳಿ ಹೆಚ್ಚಿತ್ತು. ಕೃಷಿ ಕೂಲಿಯ ದರವೂ ಏರಿತ್ತು. ಆದರೆ ಕೆಳಜಾತಿಗಳ ಬಡ ಕುಟುಂಬಗಳು ಭೂಮಿ ಪಡೆಯುವ ಬದಲು ದಿನಗೂಲಿಗೆ ಹೋಗುವ ಸಂಭವ ಹೆಚ್ಚಾಗಿತ್ತು. ಗೇಣಿಗೆ ಕೊಡುವುದೇ ಅಪಾಯವೆಂದಾದಾಗ, ಭೂಮಿ ಕೊಳ್ಳಲು ಶಕ್ತಿಯಿಲ್ಲದವನಿಗೆ ಗೇಣಿಯ ದಾರಿಯೂ ಮುಚ್ಚಿತು.

ಗಡಿಯಾಚೆಯ ಕಾಸರಗೋಡು

ಇಂತಹ ಹೋಲಿಕೆಗೆ ಕಾರ್ಕಳದ ಓದುಗರಿಗೆ ಹತ್ತಿರದ ಉದಾಹರಣೆ ಕಾಸರಗೋಡು. 1956ರವರೆಗೆ ಅದು ದಕ್ಷಿಣ ಕನ್ನಡದ್ದೇ ತಾಲ್ಲೂಕು. ಕೇರಳಕ್ಕೆ ಸೇರಿದ ಮೇಲೆ ಅಲ್ಲಿಗೆ ಅನ್ವಯಿಸಿದ ಭೂ ಸುಧಾರಣೆ 1970ರ ಜನವರಿ 1ರಂದು ಗೇಣಿದಾರರಿಗೆ ಹಕ್ಕು ನೀಡಿತು. ಅಷ್ಟೇ ಅಲ್ಲದೆ, ಒಡೆಯನ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಭೂಮಿ ಕೊಳ್ಳುವ ಹಕ್ಕನ್ನೂ ಕೊಟ್ಟಿತು. ಕರ್ನಾಟಕದ ಕಾಯ್ದೆಯಲ್ಲೂ ಕೃಷಿ ಕಾರ್ಮಿಕರ ವಾಸದ ಮನೆಗೆ 38ನೇ ಕಲಮಿನಲ್ಲಿ ರಕ್ಷಣೆಯಿತ್ತು. ಆದರೆ ಇಲ್ಲಿ ಚರ್ಚೆಯ ಕೇಂದ್ರದಲ್ಲಿದ್ದವನು ಗೇಣಿದಾರ.

ಕೇರಳದ ಇದೇ ಕಾನೂನನ್ನು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಪ್ರಶ್ನಿಸಿದ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲ ಸ್ವರೂಪವನ್ನು ಕುರಿತ ತೀರ್ಪು ಹೊರಬಿತ್ತು. ಆ 13 ಮಂದಿಯ ಪೀಠದ ಬಹುಮತದಲ್ಲಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಕಾರ್ಕಳ ತಾಲ್ಲೂಕಿನವರು. ನಿಟ್ಟೆಯ ವಿದ್ಯಾಸಂಸ್ಥೆಗಳ ಸ್ಥಾಪಕರು.

ಉಳಿದುಕೊಂಡವರು

ಕಾಯ್ದೆಯಿಂದ ಭೂಮಿ ಪಡೆದ ಒಕ್ಕಲುಗಳಲ್ಲಿ ಬಂಟರು, ಬಿಲ್ಲವರು, ಕ್ರೈಸ್ತರು, ಮುಸ್ಲಿಮರು ಸೇರಿದಂತೆ ಹಲವು ಸಮುದಾಯದವರಿದ್ದರು. ಗೇಣಿಯ ಅಕ್ಕಿಯನ್ನೇ ನಂಬಿದ್ದ ಸಣ್ಣ ಒಡೆಯರು ಜೀವನಾಧಾರ ಕಳೆದುಕೊಂಡದ್ದೂ ನಿಜ. ಆದರೆ ಗದ್ದೆಯ ಕೆಸರಿನಲ್ಲಿ ದುಡಿದರೂ ಯಾವ ಚೀಟಿನಲ್ಲೂ ಹೆಸರಿಲ್ಲದವರು ಕೂಲಿಯಾಳುಗಳು. ನಮೂನೆ 7ರಲ್ಲಿ ಅವರಿಗೆ ಬರೆಯಲು ಏನೂ ಇರಲಿಲ್ಲ. ಕೊರಗರು ಮತ್ತು ಇತರ ದಲಿತ ಸಮುದಾಯಗಳ ಹೆಚ್ಚಿನವರು ಈ ಸಾಲಿಗೆ ಸೇರಿದವರು.

‘ಡಿ.ಸಿ. ಮನ್ನಾ’ ಭೂಮಿಯ ಬೇಡಿಕೆಯನ್ನು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಇಲ್ಲಿ ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಎಂದು ತಿಳಿಯುವವರಿದ್ದಾರೆ. ಅದು ‘ಡಿಪ್ರೆಸ್ಡ್ ಕ್ಲಾಸ್’ ಎಂಬುದರ ಸಂಕ್ಷೇಪ. ಮದ್ರಾಸ್ ಆಡಳಿತದ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಈ ಜಮೀನುಗಳನ್ನು ಗುರುತಿಸಿ, ಒತ್ತುವರಿ ತೆರವುಗೊಳಿಸಿ ಹಂಚಬೇಕೆಂದು ಉಡುಪಿ ಮತ್ತು ದಕ್ಷಿಣ ಕನ್ನಡದ ದಲಿತ ಸಂಘಟನೆಗಳು ಬಹುಕಾಲದಿಂದ ಒತ್ತಾಯಿಸುತ್ತ ಬಂದಿವೆ. ಕೃಷಿ ಭೂಮಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ, ಮೇವು ಪಡೆಯುವ ‘ಕುಮ್ಕಿ’ ಸೌಲಭ್ಯವೂ ಭೂಮಿ ಇದ್ದವನಿಗೇ ದೊರೆಯಿತು. ಹೀಗೆ ಒಂದು ಹಕ್ಕು ಇನ್ನೊಂದು ಹಕ್ಕಿನ ಮೆಟ್ಟಿಲಾಯಿತು.

ನಂತರದ ಬೆಳವಣಿಗೆಗಳು

ನ್ಯಾಯಮಂಡಳಿಯಿಂದ ಹಕ್ಕು ಪಡೆದ ಭೂಮಿಯನ್ನು 15 ವರ್ಷ ಪರಭಾರೆ ಮಾಡದಂತೆ ಕಾಯ್ದೆ ನಿರ್ಬಂಧ ವಿಧಿಸಿತ್ತು. ಬಹುತೇಕ ಪ್ರಕರಣಗಳಲ್ಲಿ ಆ ಅವಧಿ ಮುಗಿದು ದಶಕಗಳೇ ಕಳೆದಿವೆ. ಮೂಲಗೇಣಿ ಒಕ್ಕಲುಗಳಿಗೆ ಒಡೆತನ ನೀಡಲು 2011ರಲ್ಲಿ ಪ್ರತ್ಯೇಕ ಕಾಯ್ದೆ ರೂಪುಗೊಂಡಿತು. 2020ರ ತಿದ್ದುಪಡಿಯು 79ಎ ಮತ್ತು 79ಬಿ ಕಲಮುಗಳನ್ನು ರದ್ದುಪಡಿಸಿ, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದಕ್ಕಿದ್ದ ತಡೆಯನ್ನು ತೆಗೆದುಹಾಕಿತು. ಒಕ್ಕಲು ಕುಟುಂಬಗಳ ಮುಂದಿನ ತಲೆಮಾರು ಮುಂಬೈ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗ ಕಂಡುಕೊಂಡ ಈ ಭಾಗದಲ್ಲಿ ಈ ಬದಲಾವಣೆಯ ಪರಿಣಾಮವನ್ನು ಪ್ರತ್ಯೇಕವಾಗಿಯೇ ಅಧ್ಯಯನ ಮಾಡಬೇಕಾಗುತ್ತದೆ.

ಗಡಿಭಾಗದ ಹಳ್ಳಿಗಳ ಸರಾಸರಿಯನ್ನು ಕಾರ್ಕಳಕ್ಕೆ ಯಥಾವತ್ತಾಗಿ ಅನ್ವಯಿಸುವುದು ಸರಿಯಾಗದು. ಇಲ್ಲಿನ ಉತ್ತರ ಭೂ ನ್ಯಾಯಮಂಡಳಿಯ ಹಳೆಯ ಕಡತಗಳಲ್ಲಿಯೂ ಹಿರಿಯರ ನೆನಪಿನಲ್ಲಿಯೂ ಇದೆ. ತಿರಸ್ಕೃತವಾದ ಅರ್ಜಿಗಳು ಯಾರವು, ಅರ್ಜಿಯನ್ನೇ ಹಾಕದವರು ಯಾರು ಎಂಬುದನ್ನು ಗ್ರಾಮವಾರು ಪರಿಶೀಲಿಸಿದರೆ, ಮುಂದಿನ ಭೂ ಹಂಚಿಕೆ ಯಾರಿಂದ ಆರಂಭವಾಗಬೇಕು ಎಂಬುದು ಸ್ಪಷ್ಟವಾಗುತ್ತದೆ. ಪಹಣಿಯಲ್ಲಿ ಹೆಸರಿದ್ದವರ ಇತಿಹಾಸ ಬಹುಮಟ್ಟಿಗೆ ದಾಖಲಾಗಿದೆ. ಹೆಸರಿಲ್ಲದವರದ್ದು ಬಾಕಿ ಇದೆ.